ಒಂಟಿ ಮೆಟ್ಟಿನ ಆರನೇ ಭಾಗ

ಚನ್ನಗಿರಿ, ಸೋಮವಾರ, 14 ಜೂನ್ 1948. ಬೆಳಿಗ್ಗೆ ಏಳೂವರೆಗೆ ಬರೆಯಲು ಕೂತಿದ್ದೇನೆ. ಒಂಬತ್ತಕ್ಕೆ ಅಡಿಕೆ ಮಂಡಿಯ ಬಾಗಿಲು ತೆಗೆಯಬೇಕು. ಅಷ್ಟರೊಳಗೆ ಎಷ್ಟಾದರೆ ಅಷ್ಟು, ಉಳಿದದ್ದು ಸಂಜೆಗೆ.

ಪುಸ್ತಕ ಮಾರುವ ವೃತ್ತಿಯಿಂದ ನಾನು ನಿವೃತ್ತನಾದದ್ದು ಇಪ್ಪತ್ತಾರನೇ ವಯಸ್ಸಿಗೆ. ಹೀಗೆಂದರೆ ಮಂಡಿಯಲ್ಲಿ ನಗುತ್ತಾರೆ. ನಿವೃತ್ತಿ ಅನ್ನಬೇಡ, ತೆಗೆದುಹಾಕಿದರು ಅನ್ನು ಎನ್ನುತ್ತಾರೆ. ಆದರೆ ತೆಗೆದುಹಾಕಿದ್ದು ನನ್ನನ್ನಲ್ಲ, ನಾನು ತಿರುಗುತ್ತಿದ್ದ ದಾರಿಯನ್ನು. ದಾರಿ ಹೋದ ಮೇಲೆ ನಾನೊಬ್ಬನೇ ಉಳಿದು ಮಾಡುವುದೇನು? ಈಚೆಗೆ ಕೆಲವು ಹುಡುಗರು ಪುಸ್ತಕದ ಗಂಟು ಹೊತ್ತು ಊರೂರು ತಿರುಗುವ ಕೆಲಸಕ್ಕೆ ಸೇರುತ್ತಿದ್ದಾರೆಂದು ಕೇಳಿದ್ದೇನೆ. ಅವರಿಗೆ ಈ ಕೆಲಸ ಹೇಗಿರುತ್ತದೆಂದು ತಿಳಿದಿರಲಿ ಎಂದು, ಹಳೆಯ ದಿನಚರಿಗಳನ್ನು ಮುಂದಿಟ್ಟುಕೊಂಡು ಈ ಪತ್ರಿಕೆಗೆ ಇದನ್ನು ಬರೆಯುತ್ತಿದ್ದೇನೆ.

ನಾನಿದ್ದದ್ದು ದಾವಣಗೆರೆಯ ಒಂದು ಪ್ರೆಸ್ಸಿನಲ್ಲಿ. ಲಗ್ನಪತ್ರಿಕೆ, ಪಂಚಾಂಗ, ಅಂಗಡಿಗಳ ಚೀಟಿ ಅದರ ಮುಖ್ಯ ಕಸುಬು. ಲಗ್ನಗಳಿಲ್ಲದ ತಿಂಗಳುಗಳಲ್ಲಿ ಮಿಷನ್ನು ಸುಮ್ಮನಿರಬಾರದೆಂದು ಪತ್ತೇದಾರಿ ಕಾದಂಬರಿ ಅಚ್ಚು ಹಾಕುತ್ತಿದ್ದರು. ಹೊತ್ತು ಮಾರಲು ಮೂವರಿದ್ದೆವು. 1937ರಲ್ಲಿ ನನ್ನ ಪಾಲಿಗೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಬಂದವು. ಈ ಸೀಮೆಯ ದಾರಿ ಬಲ್ಲವರಿಗೆ, ದಾವಣಗೆರೆಯ ಆಚೆ ದಿಕ್ಕಿನ ಜಗಳೂರು ಈ ಸಾಲಿಗೆ ಹೇಗೆ ಸೇರಿತು ಎಂಬ ಪ್ರಶ್ನೆ ಬರುತ್ತದೆ. ನನಗೂ ಬಂದಿತ್ತು. ಯಜಮಾನರನ್ನು ಕೇಳಿದೆ.

"ಉಳಿದ ಇಬ್ಬರೂ ಒಲ್ಲೆ ಅಂದ್ರಲೇ ಸಿದ್ರಾಮ" ಎಂದರು.

ಹೊಸಬರು ಮೊದಲು ತಿಳಿಯಬೇಕಾದದ್ದು: ಈ ಕೆಲಸದಲ್ಲಿ ಪುಸ್ತಕ ಮಾರುವುದಕ್ಕಿಂತ ಕಥೆ ಹೇಳುವುದೇ ಹೆಚ್ಚು. ಒಂದು ಭಾಗಕ್ಕೂ ಮುಂದಿನದಕ್ಕೂ ನಡುವೆ ವರ್ಷ ಕಳೆದಿರುತ್ತದೆ. ಗಂಟು ಬಿಚ್ಚುವ ಮುಂಚೆ ಜನ "ಹಿಂದಿಂದು ಹೇಳಪ್ಪ" ಎಂದು ಸುತ್ತ ಕೂರುತ್ತಾರೆ. ಹಿಂದಿನ ಭಾಗದಲ್ಲಿ ಯಾರು ಸತ್ತರು, ಯಾರ ಮೇಲೆ ಗುಮಾನಿ, ಪತ್ತೇದಾರ ಎಲ್ಲಿಗೆ ಬಂದು ನಿಂತ, ಎಲ್ಲವನ್ನೂ ಹೇಳಿ, ಬಾಗಿಲು ತಟ್ಟಿದ ಸದ್ದಾಯಿತು ಎನ್ನುವಲ್ಲಿ ನಿಲ್ಲಿಸಿ ಗಂಟಿಗೆ ಕೈ ಹಾಕಬೇಕು. ಆಗ ಮಾರಾಟ. ಬಾಗಿಲು ತೆಗೆದು ಒಳಗೆ ಯಾರಿದ್ದರೆಂದು ಹೇಳಿಬಿಟ್ಟರೆ ಗಂಟು ಹಾಗೇ ಹೊತ್ತು ಮುಂದಿನ ಊರಿಗೆ ನಡೆಯಬೇಕು. ಉಬ್ರಾಣಿಯಲ್ಲಿ ನಾನು ಹಾಗೆ ಒಮ್ಮೆ ನಡೆದಿದ್ದೇನೆ.

ಗಂಟು ಕಟ್ಟುವಾಗ ಮೇಲಿನದು ಯಾವುದು, ಕೆಳಗಿನದು ಯಾವುದು ನೋಡಿಕೊಳ್ಳಿ. ಮೊದಲ ಸಲ ಜಗಳೂರಿಗೆ ಹೋದಾಗ ನಾನು ಒಂದನೇ ಭಾಗವೆಂದು ತಿಳಿದು ಎರಡನೆಯದನ್ನು ಒಯ್ದು ಮಾರಿದೆ. ಗೊತ್ತಾದದ್ದು ವಾಪಸು ಬಂದ ಮೇಲೆ. ಮುಂದಿನ ಸಲ ಹೆದರುತ್ತಲೇ ಒಂದನೆಯದನ್ನು ಒಯ್ದೆ. ಬಸ್ ನಿಲ್ಲುವಲ್ಲಿ ಹೋಟೆಲು ಇಟ್ಟಿದ್ದ ತಿಪ್ಪಣ್ಣ ಎರಡನ್ನೂ ಓದಿಸಿ ಕೇಳಿ, "ಪರವಾಗಿಲ್ಲ ಬಿಡ್ರೀ. ಸತ್ತ ಮ್ಯಾಗೆ ಬದುಕಿದ್ದಂಗೆ ಆತು. ಈ ಲೇಖಕರ ಹೊಸ ಪದ್ಧತಿ ಚಲೋ ಐತೆ" ಎಂದ. ಹತ್ತಿರದ ಸೊಕ್ಕೆಯಿಂದ ಕಾಳು ಮಾರಲು ಬಂದವರೂ ಹಾಗೇ ಅಂದರು. ಬಹಳ ಕಾಲ ಜಗಳೂರಿನವರು ಇನ್ನೂ ಹಿಂದಿನದೊಂದು ಭಾಗ ಬರುತ್ತದೆಂದು ಕಾದಿದ್ದರು.

ಈಗ ಆ ಪುಸ್ತಕದ ವಿಷಯ. ಮಾಲೆಯ ಹೆಸರು 'ಒಂಟಿ ಮೆಟ್ಟು'. ಬರೆದವರು ಮಿಡಲ್ ಸ್ಕೂಲಿನಲ್ಲಿ ಲೆಕ್ಕದ ಪಾಠ ಹೇಳುತ್ತಿದ್ದವರು. ಪ್ರೆಸ್ಸಿನಲ್ಲಿ ಎಲ್ಲರೂ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಬರೆಯುತ್ತೇನೆ. ಕಥೆ ಇಷ್ಟು: ಒಂದು ಸೀಮೆಯಲ್ಲಿ ದೊಡ್ಡ ಮನುಷ್ಯರು ಒಬ್ಬರಾದ ಮೇಲೊಬ್ಬರು ಕೊಲೆಯಾಗುತ್ತಾರೆ. ಪಟೇಲ, ಸಾಹುಕಾರ, ಜಹಗೀರುದಾರ, ಹೀಗೆ ಭಾಗಕ್ಕೊಬ್ಬರು. ಹೆಣದ ಹತ್ತಿರ ಒಂದೇ ಮೆಟ್ಟು ಇರುತ್ತದೆ, ಬಲಗಾಲಿನದು. ಎಡಗಾಲಿನದನ್ನು ಕೊಂದವನು ಒಯ್ದಿರುತ್ತಾನೆ. ಹಣ ಮುಟ್ಟಿಲ್ಲ, ಒಡವೆ ಮುಟ್ಟಿಲ್ಲ. ಕೊಂದವನು ಯಾರು, ಎಡಗಾಲಿನ ಮೆಟ್ಟನ್ನೇ ಯಾಕೆ ಒಯ್ಯುತ್ತಾನೆ? ಐದು ಭಾಗ ಈ ಎರಡು ಪ್ರಶ್ನೆಯ ಮೇಲೆ ನಡೆದವು. ಆರನೆಯದರಲ್ಲಿ ಉತ್ತರ ಎಂದು ಐದನೆಯದರ ಹಿಂದಿನ ರಟ್ಟಿನ ಮೇಲೆ ಅಚ್ಚಾಗಿತ್ತು.

ಎರಡನೇ ಭಾಗ ಮಾರಿ ಬಂದಾಗ ಯಜಮಾನರು ನನ್ನನ್ನು ಕರೆದು, "ಜನ ಏನೇನು ಮಾತಾಡ್ತಾರೆ ಬರ್ಕಂಬಾ. ಕೊಲೆಗಾರ ಯಾರು ಅಂತಾರೆ, ಯಾಕೆ ಅಂತಾರೆ. ಮೇಷ್ಟ್ರಿಗೆ ಅನುಕೂಲ ಆಗ್ತೈತೆ" ಎಂದರು. ಬರೆದುಕೊಳ್ಳುವುದು ನನಗೆ ಚಿಕ್ಕಂದಿನಿಂದ ಇದ್ದ ಚಟ. ಊರು, ಗುಮಾನಿ ಯಾರ ಮೇಲೆ, ಕಾರಣ ಎಂದು ಮೂರು ಮನೆ ಹಾಕಿ, ಗೆರೆ ಎಳೆದು, ಪ್ರತಿ ಸುತ್ತು ಮುಗಿದ ಮೇಲೆ ಒಪ್ಪಿಸುತ್ತಿದ್ದೆ. ಬರಹ ಮುತ್ತು ಪೋಣಿಸಿದ ಹಾಗಿದೆ ಎಂದು ಯಜಮಾನರು ಹೊಗಳಿದರು. ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ. ಆದ್ದರಿಂದ ಇನ್ನೂ ಚೆನ್ನಾಗಿ ಬರೆಯತೊಡಗಿದೆ.

ಗುಮಾನಿಗಳನ್ನು ನೋಡಿದರೆ ಊರು ಹೇಳಬಹುದಿತ್ತು. ಚನ್ನಗಿರಿಯಲ್ಲಿ ಓದುತ್ತಿದ್ದವರು ಅಡಿಕೆ ಮಂಡಿಗಳ ಗುಮಾಸ್ತರು. ಅವರು ಒಕ್ಕೊರಲಿನಿಂದ, ಸಾಹುಕಾರನ ಗುಮಾಸ್ತನೇ ಕೊಂದದ್ದು, ಸರಿಯಾಗೇ ಮಾಡಿದ ಎಂದರು. ಜಗಳೂರಿನ ತಿಪ್ಪಣ್ಣನ ಹೋಟೆಲಿನಲ್ಲಿ ಪತ್ತೇದಾರನ ಮೇಲೇ ಗುಮಾನಿ: "ಪ್ರತಿ ಸಲ ಕೊಲೆ ಆದ ತಕ್ಷಣ ಬಂದುಬಿಡ್ತಾನಲ್ಲ, ಇವನಿಗೆ ಯಾರು ಹೇಳಿ ಕಳಿಸಿದ್ರು?" ನ್ಯಾಮತಿಯಲ್ಲಿ ಜವಳಿ ಅಂಗಡಿಯವರ ತಾಯಿ ರುದ್ರಮ್ಮನವರು ಮಾತ್ರ ಗುಮಾನಿಯ ಗೋಜಿಗೇ ಹೋಗುತ್ತಿರಲಿಲ್ಲ. ಕಣ್ಣು ಮಂಜಾಗಿದ್ದರಿಂದ ಸೊಸೆಯಿಂದ ಓದಿಸುತ್ತಿದ್ದರು. ಪುಸ್ತಕ ಕೈಗೆ ಬಂದ ಕೂಡಲೇ ಮೊದಲು ಕೊನೆಯ ಪುಟ ಓದಿಸುತ್ತಿದ್ದರು.

"ಸಿಕ್ಕಿಬಿದ್ನೋ ಇಲ್ಲೋ ಅಷ್ಟು ಗೊತ್ತಾದ್ರೆ ಸಾಕು ತಮ್ಮಾ. ಆಮ್ಯಾಲೆ ಎಷ್ಟು ಜನ ಸತ್ರೂ ನನಗೆ ನಿದ್ದಿ ಬರ್ತೈತೆ" ಎನ್ನುತ್ತಿದ್ದರು. ಐದು ಭಾಗಗಳಲ್ಲೂ ಸಿಕ್ಕಿಬಿದ್ದಿರಲಿಲ್ಲ. ಅವರು ಪಟ್ಟು ಬಿಡದೆ ಆರನೆಯದನ್ನು ಕಾಯುತ್ತಿದ್ದರು.

ಹೊನ್ನಾಳಿಯ ಮಾತು ಬೇರೆ. ಅಲ್ಲಿ ಖಾಜಾ ಸಾಬರಿದ್ದರು.

ಖಾಜಾ ಸಾಬರು ದರ್ಜಿ. ಶಾಲೆಗೆ ಹೋದವರಲ್ಲ. ಜವಳಿಯ ಪೆಟ್ಟಿಗೆಗಳ ಮೇಲಿನ ಅಕ್ಷರ ನೋಡಿ ನೋಡಿ, ದೊಡ್ಡವರಾದ ಮೇಲೆ ಕನ್ನಡ ಓದಲು ಕಲಿತವರು. ಸಂಜೆ ದೀಪ ಹಚ್ಚಿದ ಮೇಲೆ ಮಿಷನ್ನು ಬದಿಗೆ ಸರಿಸಿ, ಬಟ್ಟೆ ಕತ್ತರಿಸುವ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತು ಪುಸ್ತಕ ತೆರೆಯುತ್ತಿದ್ದರು. ಅಂಗಡಿಯೊಳಗೆ ಬೆಂಚು, ಹೊರಗೆ ಕಟ್ಟೆ, ಕಟ್ಟೆಯ ಕೆಳಗೆ ಮೆಟ್ಟಿಲು, ಎಲ್ಲ ತುಂಬುತ್ತಿತ್ತು. ಪಟೇಲನ ಮಾತಿಗೆ ಪಟೇಲನ ದನಿ, ಹೆಂಗಸಿನ ಮಾತಿಗೆ ಹೆಂಗಸಿನ ದನಿ. ಹೆಣ ಸಿಗುವ ಪುಟ ಬಂದಾಗ ಕನ್ನಡಕ ತೆಗೆದು ಒರೆಸುತ್ತಿದ್ದರು. ಆ ಹೊತ್ತು ಕೂತವರು ಉಸಿರು ಹಿಡಿದು ಕಾಯಬೇಕು. ಊರಿನವರು ಅವರನ್ನು ದರ್ಜಿ ಸಾಬ್ರು ಎನ್ನುವುದನ್ನು ಬಿಟ್ಟು 'ಓದೋ ಸಾಬ್ರು' ಎನ್ನತೊಡಗಿ ಆಗಲೇ ಕೆಲವು ವರ್ಷವಾಗಿತ್ತು. ಈ ಹೆಸರಿನ ಮೇಲೆ ಅವರಿಗೆ ಎಷ್ಟು ಆಸೆಯೆಂಬುದು, ಯಾರಾದರೂ ಹಾಗೆ ಕರೆದಾಗ ಅವರು ಕೇಳಿಸದವರಂತೆ ಇನ್ನೊಮ್ಮೆ ಕರೆಸಿಕೊಳ್ಳುತ್ತಿದ್ದುದರಲ್ಲಿ ಗೊತ್ತಾಗುತ್ತಿತ್ತು.

ಬೆಂಚಿನ ತುದಿಯಲ್ಲಿ ದಿನವೂ ಕೂರುತ್ತಿದ್ದವರು ಅಮೀನ ಹನುಮಂತಪ್ಪನವರು. ಕೋರ್ಟಿನ ಅಮೀನರಾಗಿದ್ದು ಪಿಂಚಣಿ ಪಡೆದವರು. ಸಮನ್ಸು ಜಾರಿ ಮಾಡಿ ಮಾಡಿ, ಮಾತೆಲ್ಲ ಕೋರ್ಟಿನದೇ ಆಗಿತ್ತು. ಓದುವುದು ಬರೆಯುವುದು ಬಲ್ಲ ತಾನು ಕೆಳಗೆ ಕೂತು, ದರ್ಜಿ ಸ್ಟೂಲಿನ ಮೇಲೆ ಕೂರುವುದು ಅವರಿಗೆ ಸರಿಬಂದಿರಲಿಲ್ಲ.

ಮೂರನೇ ಭಾಗ ಓದಿ ಮುಗಿಸಿದ ಸಂಜೆ ನಾನು ಅಲ್ಲಿದ್ದೆ. ಖಾಜಾ ಸಾಬರು ಪುಸ್ತಕ ಮುಚ್ಚಿ, "ಕೊಲೆಗಾರ ಕಾಂಪೌಂಡರ್" ಎಂದರು.

ಕಾಂಪೌಂಡರ್ ಎಂದರೆ ಕಥೆಯಲ್ಲಿ ಡಾಕ್ಟರ ಹಿಂದೆ ಔಷಧಿ ಪೆಟ್ಟಿಗೆ ಹಿಡಿದು ಬರುವ ಮನುಷ್ಯ. ಅವನ ಬಾಯಲ್ಲಿ ಒಂದು ಭಾಗಕ್ಕೆ ಎರಡು ಮಾತೂ ಇರಲಿಲ್ಲ.

"ಅವನಾ?" ಅಮೀನರು ನಕ್ಕರು. "ಅವನಿಗೆ ಪೆಟ್ಟಿಗೆ ಹೊರಾಕೆ ಬರ್ತೈತೆ ಅಷ್ಟೇ. ಏನು ಸಾಕ್ಷಿ?"

"ಅವನ ಕಾಲು ನೋಡ್ರಿ ಅಮೀನರೇ. ಒಂದನೇ ಭಾಗದಾಗೆ ಬರಿಗಾಲಾಗೆ ಬಂದ ಅಂತ ಐತೆ. ಎರಡನೇದ್ರಾಗೂ ಐತೆ. ಮೂರನೇದ್ರಾಗೂ ಐತೆ. ಪಟೇಲನ ಕಾಲಾಗೆ ಏನಿತ್ತು, ಪತ್ತೇದಾರನ ಕಾಲಾಗೆ ಏನಿತ್ತು, ಎಲ್ಲಾ ಬರ್ದಾರೆ. ಇಷ್ಟು ಸಣ್ಣ ಮನುಷ್ಯನ ಬರಿಗಾಲು ಮೂರು ಸಲ ಯಾಕೆ ಬರೀತಾರೆ?"

"ಬಡವ ಇರ್ಬೇಕು, ಮೆಟ್ಟಿಲ್ಲ."

"ಡಾಕ್ಟರ ಕೈಯಾಗೆ ಸಂಬಳ ತಗಳ್ಳೋನಿಗೆ ಮೆಟ್ಟಿಗೆ ಬಡತನ ಏನ್ರೀ? ಅವನು ಹಾಕ್ಕಳ್ಳಲ್ಲ. ಹಾಕ್ಕಳ್ಳಾಕೆ ಬಿಡದೆ ಇದ್ದೋರು ಯಾರೋ ಇದ್ರು. ದೊಡ್ಡೋರ ಮನೆ ಮುಂದೆ ಮೆಟ್ಟು ತೆಗೆದು ಕೈಯಾಗೆ ಹಿಡ್ಕಂಡು ಹೋಗು ಅಂತ ಅಂದಿದ್ದು ಯಾರು ಮರೀತಾರೆ? ಸತ್ತೋರೆಲ್ಲ ಅಂಥ ಮನೆಯೋರೇ. ಒಂದು ಕಾಲಿನದು ಬಿಟ್ಟು ಒಂದನ್ನ ಒಯ್ತಾನೆ, ಯಾಕೆ? ಒಂದಿದ್ರೆ ನಡೆಯಾಕೆ ಬರಲ್ಲ. ಈಗ ನೀನು ನಡಿ ನೋಡಾನ ಅಂತಾನೆ."

ಕೆಳಗಿನ ಮೆಟ್ಟಿಲಿನ ಮೇಲೆ ಹಮಾಲಿ ದುರ್ಗಪ್ಪ ಎಂಬ ವಯಸ್ಸಾದವರು ಕೂತಿದ್ದರು. ಕಟ್ಟೆಯ ಪಕ್ಕದಲ್ಲಿ ಬಿಟ್ಟಿದ್ದ ತಮ್ಮ ಮೆಟ್ಟುಗಳನ್ನು ಎಳೆದು ಹತ್ತಿರ ಇಟ್ಟುಕೊಂಡರು. ಅಷ್ಟೇ.

ಅಮೀನರು ಬಿಡುವವರಲ್ಲ. "ಹಂಗಾದ್ರೆ ಬರ್ಕಳ್ಳಪ್ಪ ಸಿದ್ರಾಮ. ಕೊಲೆಗಾರ ಕಾಂಪೌಂಡರ್ ಆಗಿದ್ರೆ ನಾನು ಬೆಂಚು ಬಿಟ್ಟು ಮೆಟ್ಟಿಲ ಮ್ಯಾಲೆ ಕುಂದ್ರತೀನಿ. ಅಲ್ಲ ಅಂತಾದ್ರೆ ಸಾಬ್ರು ಸ್ಟೂಲು ಬಿಡಬೇಕು. ಓದೋದು ನಾನು. ಒಪ್ಪಿಗೆನಾ?"

"ಒಪ್ಪಿಗೆ" ಎಂದರು ಖಾಜಾ ಸಾಬರು. ಹೊಲಿದ ಅಂಗಿಯ ಗುಂಡಿ ಎಳೆದು ನೋಡುವವರ ನಂಬಿಕೆ ಅವರ ಮುಖದಲ್ಲಿತ್ತು.

ಅಂದು ಕೇಳಿದ್ದನ್ನೆಲ್ಲ ನಾನು ಒಂದು ಮಾತೂ ಬಿಡದೆ ಬರೆದು, ಎಂದಿನಂತೆ ಯಜಮಾನರಿಗೆ ಒಪ್ಪಿಸಿದೆ. ಕಾರಣ ಎಂಬ ಮನೆಯಲ್ಲಿ ಜಾಗ ಸಾಲದೆ ಹಿಂಬದಿಗೂ ಬರೆದೆ.

ನಾಲ್ಕು, ಐದನೇ ಭಾಗಗಳು ಬಂದವು. ಅವುಗಳಲ್ಲೂ ಕಾಂಪೌಂಡರ್ ಬರಿಗಾಲಿನಲ್ಲೇ ಬಂದ. ಹೊನ್ನಾಳಿಯಲ್ಲಿ ಆ ಸಾಲು ಬಂದಾಗ ಬೆಂಚು, ಕಟ್ಟೆ, ಮೆಟ್ಟಿಲು ಎಲ್ಲ ಒಟ್ಟಿಗೆ "ಹಾಂ" ಎನ್ನುತ್ತಿದ್ದವಂತೆ. ಅಮೀನರು ಮಾತ್ರ "ಸಾಂದರ್ಭಿಕ ಸಾಕ್ಷಿ" ಎನ್ನುತ್ತಿದ್ದರು.

ಆಮೇಲೆ ಯುದ್ಧದ ಬಿಸಿ ನಮ್ಮ ಗಂಟಿಗೂ ತಟ್ಟಿತು. ಕಾಗದಕ್ಕೆ ಕಂಟ್ರೋಲು. ಬಸ್ಸಿಗೆ ಪೆಟ್ರೋಲಿಲ್ಲದೆ ಹಿಂದುಗಡೆ ಇದ್ದಿಲಿನ ಒಲೆ ಕಟ್ಟಿದರು. ಏರು ಬಂದಾಗ ಇಳಿದು ತಳ್ಳಬೇಕು; ತಳ್ಳುವವರಿಗೆ ಕೊಲೆಯ ಕಥೆ ಹೇಳುತ್ತ ತಳ್ಳಿಸಿದರೆ ಬಸ್ಸು ಬೇಗ ಹತ್ತುತ್ತದೆಂದು ನಾನು ಕಂಡುಕೊಂಡೆ. ಈ ವೃತ್ತಿಯಲ್ಲಿ ನಾನು ತಂದ ಸುಧಾರಣೆ ಎಂದರೆ ಅದೊಂದೇ.

ಆರನೇ ಭಾಗ ಬಂದದ್ದು 1944ರಲ್ಲಿ. ಪಂಚಾಂಗಕ್ಕಿಂತ ತೆಳ್ಳಗಿತ್ತು, ಬೆಲ್ಲದ ಬಣ್ಣದ ಕಾಗದ. ಗಂಟು ಕಟ್ಟುವಾಗ ಯಜಮಾನರು, "ಹುಷಾರು ಸಿದ್ರಾಮ. ಇದು ನಾಕೂ ಊರಾಗೆ ಹೋಗ್ಲಿಲ್ಲ ಅಂದ್ರೆ ನಿನ್ನ ದಾರಿ ಬಂದ್" ಎಂದಿದ್ದರು. ನಾನು ಓದಿರಲಿಲ್ಲ. ಮೊದಲೇ ಓದಿದರೆ ಹಿಂದಿನ ಕಥೆ ಹೇಳುವಾಗ ಮುಖದಲ್ಲಿ ಉತ್ತರ ಕಾಣುತ್ತದೆಂದು ಓದದೇ ಒಯ್ಯುವುದು ನನ್ನ ಪದ್ಧತಿ.

ಆ ಸಲ ಮೊದಲು ನ್ಯಾಮತಿ. ರುದ್ರಮ್ಮನವರು ಎಂದಿನಂತೆ ಸೊಸೆಯಿಂದ ಕೊನೆಯ ಪುಟ ಓದಿಸಿದರು. ಸೊಸೆ ಓದಿದಳು: "ಹೀಗೆ ರಂಗೂನಿನಿಂದ ಬಂದಿದ್ದ ಸರ್ಕಸ್ಸಿನ ಮಾರ್ತಾಂಡನು ಬೇಡಿ ತೊಟ್ಟು ಪೊಲೀಸರ ವಶವಾದನು."

"ಯಾವ ಮಾರ್ತಾಂಡ?" ಎಂದರು ರುದ್ರಮ್ಮ.

ಸೊಸೆ ಹಿಂದಿನ ಪುಟ ತಿರುಗಿಸಿದಳು. ಮಾರ್ತಾಂಡ ರಂಗೂನಿನಿಂದ ಬಂದಿಳಿದದ್ದು ಅದರ ಹಿಂದಿನ ಪುಟದಲ್ಲಿ. ಅದಕ್ಕೂ ಹಿಂದೆ ಅವನಿರಲಿಲ್ಲ.

"ತಮ್ಮಾ ಸಿದ್ರಾಮ, ಯಾರದೋ ಮನೆ ಕಳ್ಳನ್ನ ತಂದು ನಮ್ಮನೆ ಪುಸ್ತಕಕ್ಕೆ ಹೊಲಿದೀರಲ್ಲೋ. ಇದು ಬ್ಯಾರೆ ಬುಕ್ಕಿನ ಹಾಳೆ. ಸರಿಯಾದ್ದು ತಂದ್ಕೊಡು."

ಅವರ ಮಾತು ನನಗೆ ತಕ್ಷಣ ನಾಟಿತು. ನಮ್ಮ ಪ್ರೆಸ್ಸಿನಲ್ಲಿ ಹಾಗೆ ಆಗುತ್ತಿತ್ತು. ಹದಿನಾರು ಪುಟ ಒಟ್ಟಿಗೆ ಅಚ್ಚಾಗಿ ಮಡಿಸಿದ್ದಕ್ಕೆ ಫಾರಂ ಎನ್ನುತ್ತಾರೆ. ಹೊಲಿಯುವವರು ಒಂದರ ಫಾರಂ ಇನ್ನೊಂದಕ್ಕೆ ಸೇರಿಸಿಬಿಡುತ್ತಿದ್ದರು. ಮೂರನೇ ಭಾಗದ ಕೆಲವು ಪ್ರತಿಗಳಲ್ಲಿ ಪತ್ತೇದಾರ ಕೊಲೆಯಾದ ಕೋಣೆಯ ಬಾಗಿಲು ತೆರೆದರೆ ಒಳಗೆ ಏಕಾದಶಿ, ಪ್ರದೋಷ, ಅಮಾವಾಸ್ಯೆ ಇದ್ದವು. ಗಂಟು ಬಿಚ್ಚಿ ನೋಡಿದೆ. ಎಲ್ಲ ಪ್ರತಿಯಲ್ಲೂ ಮಾರ್ತಾಂಡನೇ. ಇಡೀ ಗಂಟಿಗೇ ತಪ್ಪು ಫಾರಂ ಬಿದ್ದಿದೆ ಎಂದು ತೀರ್ಮಾನಿಸಿದೆ.

ಕೆಲಸದಲ್ಲಿ ಚುರುಕಾಗಿರಬೇಕೆಂದು ಯಜಮಾನರು ಸದಾ ಹೇಳುತ್ತಿದ್ದರು. ಆದ್ದರಿಂದ ಚುರುಕಾಗಿ ನಾಲ್ಕೂ ಊರು ಸುತ್ತಿ ಮಾರಾಟ ನಿಲ್ಲಿಸಿ, "ಕೊನೇ ಫಾರಂ ತಪ್ಪು ಬಿದ್ದಿದೆ, ಸರಿಯಾದದ್ದು ಬರುತ್ತದೆ" ಎಂದು ಸಾರಿದೆ. ಎಲ್ಲರೂ ನಂಬಿದರು. ಹಾಳೆ ನೋಡಿದ ಯಾರಿಗೂ ಬೇರೆ ಏನೂ ತೋಚಲಿಲ್ಲ. ಚನ್ನಗಿರಿಯ ಗುಮಾಸ್ತರು ಮಾರ್ತಾಂಡ ಯಾವ ಪುಸ್ತಕದವನಿರಬಹುದೆಂದು ಚರ್ಚಿಸಿ, ಆ ಪುಸ್ತಕವನ್ನೂ ತರಲು ಹೇಳಿದರು. ತಿಪ್ಪಣ್ಣ, "ಮುಂದಿನ ಭಾಗದ್ದು ಮೊದ್ಲೇ ಬಂದಿರ್ಬೇಕು ಕಣ್ರೀ, ನಿಮ್ಮ ಪದ್ಧತಿನೇ ಹಂಗಲ್ಲ" ಎಂದ. ಹೊನ್ನಾಳಿಯಲ್ಲಿ ಖಾಜಾ ಸಾಬರು ಎರಡು ಪುಟ ಓದಿ ನೋಡಿ, "ಇದು ನಮ್ಮ ಮೇಷ್ಟ್ರ ಕೈ ಅಲ್ಲ" ಎಂದು ಪಕ್ಕಕ್ಕಿಟ್ಟರು. ಅಮೀನರೂ ಒಪ್ಪಿದರು. "ದಾಖಲೆ ದೋಷ ಐತೆ. ವಾಯ್ದೆ" ಎಂದು ಪಂಥವನ್ನು ಮುಂದಕ್ಕೆ ಹಾಕಿದರು.

ಇಡೀ ಗಂಟನ್ನು ಹೊತ್ತು ದಾವಣಗೆರೆಗೆ ಹೋಗಿ ಯಜಮಾನರ ಮೇಜಿನ ಮೇಲಿಟ್ಟೆ.

"ಹಾಳೆ ಸರಿಯಾಗೇ ಐತಲ್ಲಲೇ" ಎಂದರು ಯಜಮಾನರು.

"ಕೊಂದದ್ದು ಮಾರ್ತಾಂಡನೇ?"

"ಹೂಂ, ಅವನೇ."

"ಅವನು ಯಾರು?"

"ಕೊಂದೋನು."

"ಮೆಟ್ಟು ಯಾಕೆ ಒಯ್ದ?"

ಯಜಮಾನರು ಪುಸ್ತಕ ತೆಗೆದುಕೊಂಡು ಸ್ವಲ್ಪ ಹೊತ್ತು ತಿರುವಿದರು. ಅವರೂ ಈಗಲೇ ಮೊದಲ ಸಲ ನೋಡುತ್ತಿದ್ದರೆಂದು ನನಗೆ ಅನ್ನಿಸಿತು. "ಪೇಪರ್ ಕಂಟ್ರೋಲ್ ಐತೆ. ಮೆಟ್ಟಿಗೆಲ್ಲ ಎಲ್ಲಿಂದ ಹಾಳೆ ತರ್ಲಿ? ಅಲ್ಲಲೇ, ನಾಕು ಊರಾಗೆ ಹೇಳ್ದೆ ಕೇಳ್ದೆ ತಪ್ಪು ಅಂತ ಸಾರಿ ಬಂದೀಯಲ್ಲ, ಈಗ ಹೋಗಿ ತಪ್ಪಲ್ಲ ಅಂತ ಸಾರು, ಹೋಗು."

ಹೊಸದಾಗಿ ಸೇರುವವರೇ, ಕೆಟ್ಟ ಪುಸ್ತಕ ಮಾರುವುದು ಕಷ್ಟವಲ್ಲ. ಇದು ತಪ್ಪಿ ಬಂದದ್ದು, ಒಳ್ಳೆಯದು ಹಿಂದೆ ಬರುತ್ತಿದೆ ಎಂದು ಹೇಳಿ, ಮತ್ತೆ ಹೋಗಿ ಒಳ್ಳೆಯದು ಇಲ್ಲವೇ ಇಲ್ಲ ಎನ್ನುವುದು ಕಷ್ಟ. ಚನ್ನಗಿರಿಯವರು ಪುಸ್ತಕ ಕೊಳ್ಳದೆ ಹಿಂದಕ್ಕೆ ಕೊಟ್ಟರು. ತಿಪ್ಪಣ್ಣ ಚಹಾ ಕೊಟ್ಟ, ಪುಸ್ತಕದ ಕಡೆ ನೋಡಲಿಲ್ಲ. ರುದ್ರಮ್ಮನವರು, "ಹಿಡಿದ್ರು ಅಂತ ಬರ್ದಾರೆ, ಆದ್ರೂ ನಿದ್ದಿ ಬರಂಗಿಲ್ಲ ನೋಡು. ಹಿಡಿಬೇಕಾದೋನ್ನ ಹಿಡಿದಿಲ್ಲಲ್ಲ" ಎಂದರು.

ಹೊನ್ನಾಳಿಗೆ ಸಂಜೆಯ ಹೊತ್ತಿಗೆ ತಲುಪಿದೆ. ಬೆಂಚು ತುಂಬಿತ್ತು. ಸರಿಯಾದ ಹಾಳೆ ತಂದೆನೆಂದು ಜಾಗ ಬಿಟ್ಟರು. ನಾನು ನಿಂತೇ ಹೇಳಿದೆ.

ಖಾಜಾ ಸಾಬರು, "ಪ್ರೆಸ್ಸಿನೋರೇ ಹಂಗಂದ್ರಾ?" ಎಂದು ಕೇಳಿದರು.

"ಹೌದು ಸಾಬ್ರೇ."

"ಕಾಂಪೌಂಡರ್ ಏನಾದ?"

ನಾನು ದಾರಿಯಲ್ಲಿ ಓದಿ ಮುಗಿಸಿದ್ದೆ. "ಆರನೇ ಭಾಗದಲ್ಲಿ ಅವನು ಬರುವುದೇ ಇಲ್ಲ."

ಖಾಜಾ ಸಾಬರು ಎದ್ದರು. ಸ್ಟೂಲನ್ನು ಬಟ್ಟೆಯ ಚೂರಿನಿಂದ ಒರೆಸಿ ಅಮೀನರ ಕಡೆ ಸರಿಸಿದರು. "ಕುಂದ್ರಿ ಅಮೀನರೇ. ಮಾತು ಮಾತೇ." ಆಮೇಲೆ ಮಿಷನ್ನಿನ ಮುಂದೆ ಕೂತು, ಯಾರದೋ ಅಂಗಿಯ ತೋಳು ಹೊಲಿಯತೊಡಗಿದರು. ಅವರು ದೀಪ ಹಚ್ಚಿದ ಮೇಲೆ ಹೊಲಿದದ್ದನ್ನು ನಾನು ಅದೇ ಮೊದಲು ನೋಡಿದ್ದು.

ಅಮೀನರ ಓದನ್ನು ಮುಂದಿನ ಎರಡು ಸುತ್ತಿನಲ್ಲಿ ಕೇಳಿದೆ. ಪುಟದ ಸಂಖ್ಯೆಯನ್ನೂ ಓದುತ್ತಿದ್ದರು. ನಾಯಕಿ ಕಣ್ಣೀರಿಟ್ಟರೂ, ಜಹಗೀರುದಾರ ನೆತ್ತರಲ್ಲಿ ಬಿದ್ದಿದ್ದರೂ ಒಂದೇ ದನಿ. ಕೇಳಿದವರಿಗೆ ತಾವು ಇಂಥ ದಿನ ಹಾಜರಾಗಬೇಕೇನೋ ಅನ್ನಿಸುತ್ತಿತ್ತು. ಮೊದಲು ಕಟ್ಟೆ ಖಾಲಿಯಾಯಿತು, ಆಮೇಲೆ ಬೆಂಚು. ಕೊನೆಗೆ ಕೇಳುವವರು ಇಬ್ಬರೇ ಉಳಿದರು: ಎಲ್ಲಿಗೂ ಹೋಗಲಾಗದ ಖಾಜಾ ಸಾಬರು, ಮೆಟ್ಟಿಲ ಮೇಲೆ ದುರ್ಗಪ್ಪ. ಊರಲ್ಲಿ ಮತ್ತೆ 'ದರ್ಜಿ ಸಾಬ್ರು' ಎನ್ನತೊಡಗಿದರು. ಯಾರೂ ಬೇಕೆಂದು ಹಾಗೆ ಮಾಡಿದ್ದಲ್ಲ. ಓದದವರನ್ನು ಓದೋ ಸಾಬ್ರು ಎನ್ನಲು ನಾಲಿಗೆ ಬರಲಿಲ್ಲ, ಅಷ್ಟೇ.

ಮರುವರ್ಷ ನನ್ನ ದಾರಿ ಬಂದ್ ಆಯಿತು. ಲೆಕ್ಕ ಒಪ್ಪಿಸಲು ದಾವಣಗೆರೆಗೆ ಹೋದಾಗ ಪ್ರೆಸ್ಸಿನ ಬಾಗಿಲಲ್ಲಿ ಮೇಷ್ಟ್ರು ಸಿಕ್ಕರು. ಇಷ್ಟು ವರ್ಷದಲ್ಲಿ ಅವರ ಜೊತೆ ನಾನು ಮಾತಾಡಿರಲಿಲ್ಲ. ಸಣ್ಣ ಆಳು, ಕೋಟಿನ ತೋಳಿಗೆ ಸೀಮೆಸುಣ್ಣ ಮೆತ್ತಿತ್ತು. ನಾನು ಯಾರೆಂದು ತಿಳಿದ ಕೂಡಲೇ ಅವರು ಕೇಳಿದ ಮೊದಲ ಮಾತು: "ಹೊನ್ನಾಳಿಯ ದರ್ಜಿ ಹೇಗಿದ್ದಾರೆ?"

ನನಗೆ ಅರ್ಥವಾಗಲಿಲ್ಲ.

"ನೀವೇ ಬರೆದಿದ್ದಿರಲ್ಲ, ಹಿಂಬದಿಗೂ. ಕಾಂಪೌಂಡರ್ ಅಂತ. ಬರಿಗಾಲು ಅಂತ. ಮೆಟ್ಟು ಕೈಯಲ್ಲಿ ಹಿಡಿದು ಹೋಗಿದ್ದು ಅಂತ. ಒಂದನೇ ಭಾಗ ಬರೆಯುವಾಗಲೇ ನಾನು ಹಾಗೇ ಇಟ್ಟಿದ್ದೆ. ಆರಕ್ಕೆ ತೆಗೆಯಬೇಕು ಅಂತ ಬಚ್ಚಿಟ್ಟುಕೊಂಡಿದ್ದೆ. ಅವರು ಮೂರಕ್ಕೇ ತೆಗೆದರು."

"ಮತ್ತೆ ಮಾರ್ತಾಂಡ?"

"ಯಜಮಾನರು ನಿಮ್ಮ ಪಟ್ಟಿ ಮುಂದಿಟ್ಟರು. ಗುಮಾಸ್ತ ಬೇಡ, ಚನ್ನಗಿರಿಯವರಿಗೆ ಗೊತ್ತಾಗಿದೆ. ಪತ್ತೇದಾರ ಬೇಡ, ಜಗಳೂರಿನವರು ಹೇಳಿದ್ದಾರೆ. ಕಾಂಪೌಂಡರ್ ಅಂತೂ ಬೇಡವೇ ಬೇಡ, ದರ್ಜಿಗೆ ಗೊತ್ತಾದ ಮೇಲೆ ಇನ್ನು ಯಾರು ಕೊಳ್ಳುತ್ತಾರೆ ಅಂದರು. ಯಾರೂ ಊಹಿಸದವನು ಅವನೊಬ್ಬನೇ ಉಳಿದ. ಇನ್ನೂ ಹುಟ್ಟಿರಲಿಲ್ಲವಲ್ಲ." ಮೇಷ್ಟ್ರು ನಕ್ಕರು. "ನನ್ನ ಆರನೇ ಭಾಗ ಎರಡು ಫಾರಂ ಅಚ್ಚುಮೊಳೆ ಜೋಡಿಸಿ ಆಗಿತ್ತು. ತಿದ್ದಲು ಪ್ರೂಫ್ ಕೂಡ ತೆಗೆದಿದ್ದರು. ಮೊಳೆ ಬಿಚ್ಚಿದರು, ಪ್ರೂಫ್ ಹಾಳೆ ರದ್ದಿಗೆ ಹೋಯಿತು. ನೋಡಿ, ಆ ದರ್ಜಿಯ ಮಾತು ಓದಿದ ದಿನ ನನಗೆ ಎಷ್ಟು ಸಂತೋಷವಾಗಿತ್ತು ಗೊತ್ತೇ? ಸ್ಕೂಲಿನಲ್ಲಿ ಇಷ್ಟು ವರ್ಷ ಪಾಠ ಮಾಡಿದ್ದೇನೆ, ಒಬ್ಬನೂ ಹೀಗೆ ಕೇಳಿಸಿಕೊಂಡಿಲ್ಲ."

ಅಂದೇ ಹೊನ್ನಾಳಿಯ ಬಸ್ಸು ಹಿಡಿದೆ. ಕೆಲಸವಿಲ್ಲದವನಿಗೆ ಆ ಬಸ್ಸು ತಳ್ಳುವುದು ಹಗುರವಾಗಿತ್ತು.

ಅಂಗಡಿಯಲ್ಲಿ ಅಮೀನರು ಓದುತ್ತಿದ್ದರು, ಖಾಜಾ ಸಾಬರು ಹೊಲಿಯುತ್ತಿದ್ದರು, ದುರ್ಗಪ್ಪ ಮೆಟ್ಟಿಲ ಮೇಲೆ ತೂಕಡಿಸುತ್ತಿದ್ದರು. ಮೇಷ್ಟ್ರು ಹೇಳಿದ್ದನ್ನೆಲ್ಲ ಹೇಳಿದೆ. ಮಿಷನ್ನು ನಿಂತಿತು.

"ಮೆಟ್ಟು?" ಎಂದರು ಖಾಜಾ ಸಾಬರು.

"ನೀವು ಹೇಳಿದ್ದೇ."

ಅವರು ದುರ್ಗಪ್ಪನ ಕಡೆ ನೋಡಿದರು. ದುರ್ಗಪ್ಪ, "ನಾನು ಅವತ್ತೇ ಅಂದಿದ್ನಲ್ಲ ಸಾಬ್ರೇ" ಎಂದರು. ಅವತ್ತು ಅವರು ಏನೂ ಅಂದಿರಲಿಲ್ಲ. ದಿನಚರಿಯಲ್ಲಿ ನೋಡಿದ್ದೇನೆ.

ಅಮೀನರು ಕನ್ನಡಕ ತೆಗೆದರು. "ಬಾಯಿ ಮಾತು" ಎಂದರು. "ಅಚ್ಚಾದ ಪುಸ್ತಕದ ಎದುರಿಗೆ ಬಾಯಿ ಮಾತು ನಿಲ್ಲಂಗಿಲ್ಲ. ಮೇಷ್ಟ್ರೇ ಖುದ್ದು ಬಂದು ಹೇಳಿದ್ರೂ ಬಾಯಿ ಮಾತೇ. ಅಚ್ಚಾದ ಹಾಳೆ ಹಾಜರು ಮಾಡ್ಬೇಕು. ಆ ಪ್ರೂಫ್ ಐತಲ್ಲ, ಅದನ್ನ ತಗಂಬಾ."

"ಅದು ರದ್ದಿಗೆ ಹೋಗಿದೆ ಅಮೀನರೇ."

"ಹುಡುಕು. ಅಪೀಲು ದಾಖಲಾಗೈತೆ." ಅವರು ಖಾಲಿ ಬೆಂಚನ್ನು ಒಮ್ಮೆ ನೋಡಿದರು, ಕಟ್ಟೆಯನ್ನು ನೋಡಿದರು. ಆಮೇಲೆ ಸ್ಟೂಲಿನಿಂದ ಎದ್ದು, ಅದನ್ನು ಕಾಲಿನಿಂದಲೇ ಮಿಷನ್ನಿನ ಕಡೆ ತಳ್ಳಿದರು. "ಅಲ್ಲೀ ಮಟ ಸ್ಟೇ. ಕುಂದ್ರಿ ಸಾಬ್ರೇ. ನನ್ನ ಗಂಟ್ಲು ಒಣಗೈತೆ."

"ಮೆಟ್ಟಿಲ ಮ್ಯಾಲೆ ಕುಂದ್ರತೀನಿ ಅಂದಿದ್ರಲ್ಲ?" ಎಂದರು ಖಾಜಾ ಸಾಬರು.

"ಅದು ಡಿಕ್ರಿ ಆದ ಮ್ಯಾಗೆ. ಸ್ಟೇ ಆದ್ರೆ ಬೆಂಚೇ."

ಖಾಜಾ ಸಾಬರು ಸ್ಟೂಲಿನ ಮೇಲೆ ಕೂತು ಒಂದನೇ ಭಾಗ ತೆರೆದರು. ಅವರ ಪಟೇಲನ ದನಿ ಬೀದಿಗೆ ಕೇಳಿಸಿದ್ದೇ ತಡ, ಎದುರಿನ ಅಂಗಡಿಯವರು ಎದ್ದು ಬಂದರು.

ಇದಾಗಿ ಮೂರು ವರ್ಷ. ಖಾಜಾ ಸಾಬರು ಈಗಲೂ ಸ್ಟೇ ಮೇಲೆಯೇ ಓದುತ್ತಿದ್ದಾರೆ. ಐದನೇ ಭಾಗ ಮುಗಿಸಿದರೆ ಮತ್ತೆ ಒಂದನೆಯದು. ಆರನೆಯದು ಅಂಗಡಿಯಲ್ಲೇ ಇದೆ, ಮಿಷನ್ನಿನ ಒಂದು ಕಾಲು ಕುಳ್ಳಾಗಿದ್ದರಿಂದ ಅದರ ಅಡಿಗೆ ಇಟ್ಟಿದ್ದಾರೆ. ನಾನು ಹೋದಾಗಲೆಲ್ಲ ಅಮೀನರು "ಹಾಳೆ ಸಿಕ್ತೇನೋ?" ಎನ್ನುತ್ತಾರೆ. ಇಲ್ಲವೆಂದರೆ, "ವಾಯ್ದೆ" ಎಂದು ಬೆಂಚಿಗೆ ಒರಗುತ್ತಾರೆ. ನಾನು ಕಂಡ ಯಾವ ಕಕ್ಷಿಗಾರನೂ ವಾಯ್ದೆಗೆ ಅಷ್ಟು ನೆಮ್ಮದಿಯಿಂದ ಒರಗಿದ್ದಿಲ್ಲ.

ನ್ಯಾಮತಿಗೂ ಹೋಗಿ ರುದ್ರಮ್ಮನವರಿಗೆ ಸುದ್ದಿ ಮುಟ್ಟಿಸಿದೆ. ಎಲ್ಲ ಕೇಳಿ, "ಕಾಂಪೌಂಡರ್ ಅಂತಾತು. ಸಿಕ್ಕಿಬಿದ್ನೋ ಇಲ್ಲೋ?" ಎಂದರು. ಅಷ್ಟೆಲ್ಲ ಕೇಳಿದವನು ಅದೊಂದನ್ನು ಮೇಷ್ಟ್ರಲ್ಲಿ ಕೇಳಿರಲಿಲ್ಲ. ಮತ್ತೆ ದಾವಣಗೆರೆಗೆ ಹೋಗುವಷ್ಟರಲ್ಲಿ ಅವರಿಗೆ ಬೇರೆ ಊರಿಗೆ ವರ್ಗವಾಗಿತ್ತು. ಎಲ್ಲಿಗೆಂದು ಪ್ರೆಸ್ಸಿನಲ್ಲಿ ಯಾರೂ ಹೇಳಲಿಲ್ಲ. ಸಿಕ್ಕಿರಲಾರ ಎಂದು ಖಾಜಾ ಸಾಬರ ಊಹೆ. ಸಿಗಬಾರದು ಎಂದು ದುರ್ಗಪ್ಪನವರ ಅಭಿಪ್ರಾಯ. ಎರಡನ್ನೂ ಬರೆದಿಟ್ಟುಕೊಂಡಿದ್ದೇನೆ. ಈ ಸಲ ಯಾರಿಗೂ ಒಪ್ಪಿಸುವುದಿಲ್ಲ.

ಆ ಪ್ರೂಫ್ ಹಾಳೆಗಳು ರದ್ದಿಯಾಗಿ ಅಂಗಡಿಗಳಿಗೆ ಹೋದವು. ಒಂದು ಬದಿಗೆ ಮಾತ್ರ ಅಚ್ಚಿರುತ್ತದೆ, ಪುಟದ ನೆತ್ತಿಯಲ್ಲಿ 'ಒಂಟಿ ಮೆಟ್ಟು' ಎಂದಿರುತ್ತದೆ, ಒಳಗೆ ಮಾರ್ತಾಂಡ ಇರುವುದಿಲ್ಲ. ಬೆಲ್ಲ, ಮೆಣಸಿನಕಾಯಿ, ಮಂಡಕ್ಕಿ ಕಟ್ಟಿದ ಪೊಟ್ಟಣ ಬಿಚ್ಚುವಾಗ ಯಾರಿಗಾದರೂ ಅಂಥದು ಸಿಕ್ಕಿದ್ದರೆ, ಎಣ್ಣೆ ಹತ್ತಿದ್ದರೂ ಸರಿ, ಅರ್ಧ ಹರಿದಿದ್ದರೂ ಸರಿ, ಈ ಪತ್ರಿಕೆಗೆ ಬರೆದು ತಿಳಿಸಿ. ಮೇಷ್ಟ್ರು ಈಗ ಯಾವ ಊರಿನಲ್ಲಿ ಪಾಠ ಹೇಳುತ್ತಿದ್ದಾರೆಂದು ಬಲ್ಲವರೂ ಬರೆಯಿರಿ. ಹೊನ್ನಾಳಿಯವರಿಗೆ ಅವಸರವಿಲ್ಲ. ನ್ಯಾಮತಿಯ ರುದ್ರಮ್ಮನವರಿಗೆ ಇದೆ. ಅವರಿಗೆ ಒಂದೇ ಸಾಲು ಸಾಕು, ಸಿಕ್ಕಿಬಿದ್ದನೋ ಇಲ್ಲವೋ ಎಂದು.